ಕ್ಯಾಂಡಿ ಚೀಲಕ್ಕಿಂತ ಸಂಜೆಯೇ ದೊಡ್ಡದಾಗುವಂತೆ: ಮಕ್ಕಳೊಂದಿಗೆ ನಮ್ಮ ಮನೆಯ ಹ್ಯಾಲೋವೀನ್

ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್ ಊರಿನ ಕನ್ನಡಿಗರ ಮನೆಗಳಲ್ಲಿ ಅಕ್ಟೋಬರ್ ಬಂತೆಂದರೆ ತಂದೆತಾಯಿಯರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬದ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆ ಮನೆ ಸುತ್ತಿ ಚೀಲದ ತುಂಬ ಹೊತ್ತು ತರುವ ಕ್ಯಾಂಡಿಯನ್ನು ಏನು ಮಾಡುವುದು? ಕೆಲವರು ಆ ಸಂಜೆ ಮಕ್ಕಳನ್ನು ಹೊರಗೇ ಕಳಿಸುವುದಿಲ್ಲ. ಕೆಲವರು ಕಳಿಸುತ್ತಾರೆ, ಆದರೆ ಮಕ್ಕಳು ಮಲಗಿದ ಮೇಲೆ ಚೀಲವನ್ನು ಸದ್ದಿಲ್ಲದೆ ಕಸದ ಡಬ್ಬಿಗೆ ಸುರಿಯುತ್ತಾರೆ. ಉಳಿದವರು ‘ವರ್ಷಕ್ಕೊಂದು ದಿನ ತಾನೆ’ ಎಂದು ಸುಮ್ಮನಾಗುತ್ತಾರೆ, ಆ ಒಂದು ದಿನ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೂ ಎಳೆಯುತ್ತದೆ. ನಮ್ಮ ಮನೆಯಲ್ಲಿ ಎಂಟು ವರ್ಷದ ಮಗಳೂ ಐದು ವರ್ಷದ ಮಗನೂ ಇದ್ದಾರೆ. ಈ ಮೂರು ದಾರಿಗಳಲ್ಲಿ ಯಾವುದನ್ನೂ ಹಿಡಿಯದೆ, ಹಬ್ಬವನ್ನು ಪೂರ್ತಿಯಾಗಿ ಉಳಿಸಿಕೊಂಡು, ಅದರ ಸಂಭ್ರಮವನ್ನು ಮಾತ್ರ ಕ್ಯಾಂಡಿಯಿಂದ ವೇಷಕ್ಕೆ, ಕುಂಬಳಕಾಯಿಗೆ, ಮನೆಯ ಊಟಕ್ಕೆ ಮತ್ತು ನೆರೆಹೊರೆಯ ನಡಿಗೆಗೆ ಹಂಚುವ ಒಂದು ಕ್ರಮವನ್ನು ನಾವು ರೂಢಿಸಿಕೊಂಡಿದ್ದೇವೆ. ಅದು ಹೇಗೆ ನಡೆಯುತ್ತದೆ, ಯಾಕೆ ಹಾಗೆ ಮಾಡುತ್ತೇವೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹ್ಯಾಲೋವೀನ್ ಎಂದರೆ ಕ್ಯಾಂಡಿ ಎನ್ನುವುದು ಬಹಳ ಹಳೆಯ ಮಾತೇನಲ್ಲ. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಜನರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ಆಚರಿಸುತ್ತಿದ್ದ ಸೌವಿನ್ ಹಬ್ಬದೊಂದಿಗೆ ಇದರ ಬೇರು ಸೇರಿಕೊಂಡಿದೆ. ಅಲ್ಲಿ ಟರ್ನಿಪ್ ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದ ಜನ ಅಮೆರಿಕಕ್ಕೆ ವಲಸೆ ಬಂದ ಮೇಲೆ ಇಲ್ಲಿ ಧಾರಾಳವಾಗಿ ಬೆಳೆಯುವ ಕುಂಬಳಕಾಯಿಯನ್ನು ಹಿಡಿದುಕೊಂಡರು. ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ‘ಟ್ರಿಕ್ ಆರ್ ಟ್ರೀಟ್’ ಎಂದು ಕೇಳುವ ರೂಢಿ ಇಲ್ಲಿ ಹರಡಿದ ಮೊದಲ ವರ್ಷಗಳಲ್ಲಿ ಅವರ ಕೈಗೆ ಬೀಳುತ್ತಿದ್ದದ್ದು ಹಣ್ಣು, ಕಾಯಿಬೀಜಗಳು, ಮನೆಯಲ್ಲೇ ಮಾಡಿದ ಬಿಸ್ಕತ್ತು, ಚಿಲ್ಲರೆ ಕಾಸು. ಎರಡನೆಯ ಮಹಾಯುದ್ಧದ ಕಾಲದ ಸಕ್ಕರೆ ರೇಷನ್ 1947ರಲ್ಲಿ ಕೊನೆಗೊಂಡ ನಂತರದ ದಶಕಗಳಲ್ಲಿ ಕಾರ್ಖಾನೆಯ ಪೊಟ್ಟಣದ ಕ್ಯಾಂಡಿ ಉಳಿದೆಲ್ಲವನ್ನೂ ಪಕ್ಕಕ್ಕೆ ತಳ್ಳಿತು. ಅದೇ ಹೊತ್ತಿನಲ್ಲಿ, 1950ರಲ್ಲಿ, ಫಿಲಡೆಲ್ಫಿಯಾದ ಮಕ್ಕಳು ಹೀಗೆ ಮನೆ ಮನೆ ಸುತ್ತುತ್ತಾ ಯುನಿಸೆಫ್ ಸಂಸ್ಥೆಗಾಗಿ ಕಾಸು ಕೂಡಿಸುವ ಕೆಲಸವನ್ನೂ ಆರಂಭಿಸಿದರು. ಅದು ಇಡೀ ದೇಶಕ್ಕೆ ಹಬ್ಬಿ ಇಂದಿಗೂ ನಡೆದಿದೆ. ಇದನ್ನೆಲ್ಲ ಓದಿದ ಮೇಲೆ, ನಾವು ಕ್ಯಾಂಡಿಯ ಪಾಲನ್ನು ಕಡಿಮೆ ಮಾಡಿದರೆ ಹಬ್ಬಕ್ಕೇನೂ ಕೊರತೆಯಾಗದು ಎಂಬ ಧೈರ್ಯ ನನಗೆ ಬಂತು. ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯವರು ಮಕ್ಕಳ ಗುಂಪು ಬಾಗಿಲಿಗೆ ಬರುವುದನ್ನು ನೋಡಿ, “ನಾವು ನವರಾತ್ರಿಯಲ್ಲಿ ‘ಗೊಂಬೆ ಕೂರಿಸಿದ್ದೀರಾ’ ಅಂತ ಮನೆ ಮನೆಗೆ ಹೋಗ್ತಿದ್ವಲ್ಲಮ್ಮ, ಹಾಗೇ ಇದೆ ಇದೂ” ಎಂದರು. ಗೊಂಬೆ ನೋಡಲು ಬಂದ ಮಕ್ಕಳಿಗೆ ಅವರ ಕಾಲದಲ್ಲಿ ಸಿಗುತ್ತಿದ್ದದ್ದು ಕಡಲೆಕಾಳಿನ ಉಸಲಿ, ಕೋಡುಬಳೆ, ಕೊಬ್ಬರಿ ಮಿಠಾಯಿ, ಕೆಲವು ಮನೆಗಳಲ್ಲಿ ಬರೀ ಹುರಿಗಡಲೆ. ಇಂಥ ಮನೆಯಲ್ಲಿ ಇಂಥದ್ದು ಸಿಗುತ್ತದೆ ಎಂದು ಮಕ್ಕಳಿಗೆ ಗೊತ್ತಿರುತ್ತಿತ್ತು, ಆದರೂ ಎಲ್ಲ ಮನೆಗೂ ಹೋಗುತ್ತಿದ್ದರು.

ಪೂರ್ತಿಯಾಗಿ ಬೇಡವೆನ್ನುವ ದಾರಿಯನ್ನು ನಾವು ಹಿಡಿಯದಿರುವುದಕ್ಕೆ ಇನ್ನೊಂದು ಕಾರಣವಿದೆ. ಪುಟ್ಟ ಮಕ್ಕಳ ಕಣ್ಣೆದುರಿಗೇ ಇರುವ ತಿಂಡಿಯನ್ನು ಮುಟ್ಟಬೇಡಿ ಎಂದು ತಡೆದರೆ ಆ ತಿಂಡಿಯ ಮೇಲಿನ ಆಸೆ ಇನ್ನಷ್ಟು ಹೆಚ್ಚುತ್ತದೆ ಎಂಬುದನ್ನು 1999ರಲ್ಲಿ ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ ಎಂಬ ಸಂಶೋಧಕಿಯರು ಮೂರರಿಂದ ಐದು ವರ್ಷದ ಮಕ್ಕಳಲ್ಲಿ ತೋರಿಸಿದ್ದಾರೆ. ಮನೆಯಲ್ಲಿ ನಾನು ನೋಡಿರುವುದೂ ಅದೇ. ಅಲಮಾರಿಯ ಮೇಲಿನ ಹಂತದಲ್ಲಿ ಬಚ್ಚಿಟ್ಟ ಡಬ್ಬಿಯ ಮೇಲೆ ಮಗನ ಕಣ್ಣು ಇಡೀ ದಿನ ಇರುತ್ತದೆ, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತಿಟ್ಟು ‘ಇದು ಊಟದ ಜೊತೆಗೆ’ ಎಂದು ಹೇಳಿದ ಡಬ್ಬಿಯನ್ನು ಅವನು ಊಟದ ಹೊತ್ತಿನವರೆಗೆ ಮರೆತೇ ಬಿಡುತ್ತಾನೆ. ಹಾಗೆಯೇ ಸಕ್ಕರೆ ತಿಂದರೆ ಮಕ್ಕಳು ಹುಚ್ಚೆದ್ದು ಕುಣಿಯುತ್ತಾರೆ ಎಂಬ ಮಾತನ್ನು ಇಲ್ಲಿ ಎಲ್ಲರೂ ನಂಬುತ್ತಾರೆ. ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 1995ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಸಕ್ಕರೆಗೂ ಮಕ್ಕಳ ನಡವಳಿಕೆಗೂ ಅಂಥ ಸಂಬಂಧ ಕಂಡುಬರಲಿಲ್ಲ. ಆ ರಾತ್ರಿ ಮಕ್ಕಳು ಕುಣಿದಾಡುವುದು ಹಬ್ಬದ ಹುರುಪಿಗೆ, ಕತ್ತಲೆಯಲ್ಲಿ ಗೆಳೆಯರ ಜೊತೆ ತಿರುಗುವ ಖುಷಿಗೆ. ಆ ಖುಷಿಯನ್ನು ಕ್ಯಾಂಡಿಯ ತಪ್ಪೆಂದು ಹೇಳಿ ಅದುಮುವುದು ನನಗೆ ಸರಿ ಕಾಣುವುದಿಲ್ಲ.

ಕ್ಯಾಂಡಿಯ ನಿಜವಾದ ತೊಂದರೆ ಬೇರೆಡೆ ಇದೆ. ಎರಡರಿಂದ ಹದಿನೆಂಟು ವರ್ಷದೊಳಗಿನವರು ದಿನಕ್ಕೆ 25 ಗ್ರಾಂಗಿಂತ ಕಡಿಮೆ, ಅಂದರೆ ಸುಮಾರು ಆರು ಟೀ ಚಮಚದಷ್ಟು, ಬೆರೆಸಿದ ಸಕ್ಕರೆಯನ್ನು ಮಾತ್ರ ತಿನ್ನಬೇಕೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2016ರಲ್ಲಿ ಹೇಳಿದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಅದು ಬೇಡವೇ ಬೇಡ. ‘ಫನ್ ಸೈಜ್’ ಎಂದು ಮಾರುವ ಪುಟ್ಟ ಚಾಕೊಲೇಟ್ ಬಾರ್ ಒಂದರಲ್ಲಿ ಎಂಟರಿಂದ ಹತ್ತು ಗ್ರಾಂ ಸಕ್ಕರೆ ಇರುತ್ತದೆ, ಮೂರು ತಿಂದರೆ ಅಂದಿನ ಲೆಕ್ಕ ತೀರಿತು. ಹಲ್ಲಿನ ವಿಷಯಕ್ಕೆ ಬಂದರೆ, ಎಷ್ಟು ತಿಂದರು ಎಂಬುದಕ್ಕಿಂತ ಎಷ್ಟು ಸಲ ತಿಂದರು ಎಂಬುದೇ ಹೆಚ್ಚು ಮುಖ್ಯ. ಬಾಯಿಯೊಳಗಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆಯಾದ ಪಿಎಚ್ ಬಾಯಿಯಲ್ಲಿ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ, ಜೊಲ್ಲು ಅದನ್ನು ಮತ್ತೆ ಸರಿಪಡಿಸುವುದಕ್ಕೆ ಹೊತ್ತು ಬೇಕು. ಒಂದೇ ಸಲ ನಾಲ್ಕು ಕ್ಯಾಂಡಿ ತಿಂದು ನೀರು ಕುಡಿದ ಮಗುವಿಗಿಂತ, ಅರ್ಧ ಗಂಟೆಗೊಂದರಂತೆ ಸಂಜೆಯೆಲ್ಲ ಬಾಯಾಡಿಸುತ್ತಲೇ ಇರುವ ಮಗುವಿನ ಹಲ್ಲಿಗೆ ಹೆಚ್ಚು ಪೆಟ್ಟು. ಹಲ್ಲಿಗೆ ಮೆತ್ತಿಕೊಳ್ಳುವ ಕ್ಯಾರಮೆಲ್, ಬಾಯಲ್ಲೇ ಬಹಳ ಹೊತ್ತು ಉಳಿಯುವ ಲಾಲಿಪಾಪ್, ಮೊದಲೇ ಆಮ್ಲ ಸವರಿರುವ ಹುಳಿ ಕ್ಯಾಂಡಿ ಇವು ಸಾದಾ ಚಾಕೊಲೇಟಿಗಿಂತ ಕೆಟ್ಟವು. ಈ ಒಂದು ತಿಳಿವಳಿಕೆಯ ಮೇಲೆಯೇ ನಮ್ಮ ಮನೆಯ ಮುಕ್ಕಾಲು ಪಾಲು ನಿಯಮಗಳು ನಿಂತಿವೆ.

ನಮ್ಮ ಹ್ಯಾಲೋವೀನ್ ಅಕ್ಟೋಬರ್ ನಡುವಿನಲ್ಲೇ ಕುಂಬಳಕಾಯಿಯೊಂದಿಗೆ ಶುರುವಾಗುತ್ತದೆ. ಈ ವಿಷಯದಲ್ಲಿ ನಾವು ಅದೃಷ್ಟವಂತರು. ಡಬ್ಬಿಯಲ್ಲಿ ಬರುವ ಕುಂಬಳಕಾಯಿ ತಿರುಳಿಗಾಗಿ ಅಮೆರಿಕದಲ್ಲಿ ಬೆಳೆಯುವ ಬೆಳೆಯ ಬಹುಪಾಲು ಇಲಿನಾಯ್ ರಾಜ್ಯದ್ದು, ತನ್ನನ್ನು ತಾನು ಜಗತ್ತಿನ ಕುಂಬಳಕಾಯಿ ರಾಜಧಾನಿ ಎಂದು ಕರೆದುಕೊಳ್ಳುವ ಮಾರ್ಟನ್ ಪಟ್ಟಣ ನಮ್ಮಿಂದ ಪಶ್ಚಿಮಕ್ಕೆ ಒಂದು ಗಂಟೆಯ ದಾರಿಯೂ ಅಲ್ಲ. ಸುತ್ತಲಿನ ತೋಟಗಳಲ್ಲಿ ಮಕ್ಕಳು ಬಳ್ಳಿಗಳ ನಡುವೆ ನಡೆದು ತಮಗೆ ಬೇಕಾದ ಕಾಯನ್ನು ತಾವೇ ಆರಿಸಿ ಕೈಗಾಡಿಯಲ್ಲಿ ತಳ್ಳಿಕೊಂಡು ಬರಬಹುದು. ನಾವು ಎರಡು ಬಗೆಯನ್ನು ತರುತ್ತೇವೆ. ಮುಖ ಕೊರೆಯಲು ದೊಡ್ಡದು, ಅಡುಗೆಗೆ ಚಿಕ್ಕದು. ಕೊರೆಯುವ ದೊಡ್ಡ ಕಾಯಿಯ ತಿರುಳು ನೀರು ನೀರಾಗಿ, ನಾರಾಗಿ, ರುಚಿಯಿಲ್ಲದೆ ಇರುತ್ತದೆ. ‘ಪೈ ಪಂಪ್‌ಕಿನ್’ ಎಂದು ಮಾರುವ ಚಿಕ್ಕ ಕಾಯಿ ನಮ್ಮ ಸಿಹಿಗುಂಬಳಕ್ಕೆ ಹತ್ತಿರದ್ದು, ಹುಳಿಗೂ ಪಲ್ಯಕ್ಕೂ ಚೆನ್ನಾಗಿ ಒಗ್ಗುತ್ತದೆ. ಮುಖ ಕೊರೆದು, ಒಳಗೆ ದೀಪ ಇಟ್ಟು, ಹೊರಗೆ ಇಟ್ಟ ಕಾಯನ್ನು ಆಮೇಲೆ ಅಡುಗೆಗೆ ಬಳಸಬಾರದು. ಅದು ಬೇಗ ಬೂಷ್ಟು ಹಿಡಿಯುತ್ತದೆ.

ಕೊರೆಯುವ ಸಂಜೆ ಅಡುಗೆಮನೆಯ ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ ಕುಳಿತುಕೊಳ್ಳುತ್ತೇವೆ. ತೊಟ್ಟಿನ ಸುತ್ತ ಮುಚ್ಚಳದಂತೆ ಕತ್ತರಿಸುವ ಕೆಲಸ ನಮ್ಮ ಯಜಮಾನರದ್ದು, ಚಾಕು ಮಕ್ಕಳ ಕೈಗೆ ಹೋಗುವುದಿಲ್ಲ. ಮಗಳು ಮಾರ್ಕರ್ ಪೆನ್ನಿನಿಂದ ಮುಖ ಬರೆಯುತ್ತಾಳೆ, ಮಗ ಮೊಣಕೈವರೆಗೆ ಕೈ ಇಳಿಸಿ ಒಳಗಿನ ನಾರನ್ನೂ ಬೀಜವನ್ನೂ ಮುಷ್ಟಿ ಮುಷ್ಟಿಯಾಗಿ ಎಳೆದು ಪಾತ್ರೆಗೆ ಹಾಕುತ್ತಾನೆ. ಬೀಜ ಬಿಡಿಸುವುದು ಅವನಿಗೆ ಎಲ್ಲಕ್ಕಿಂತ ಇಷ್ಟ. ನೀರು ತುಂಬಿದ ಬೋಗುಣಿಗೆ ಹಾಕಿ ಕೈಯಾಡಿಸಿದರೆ ಬೀಜ ತೇಲುತ್ತದೆ, ನಾರು ಕೈಗೆ ಸುತ್ತಿಕೊಳ್ಳುತ್ತದೆ, ಆ ಜಾರುವ ಬೀಜಗಳನ್ನು ಅವನು ಬೆರಳಿನಿಂದ ಚಿಮ್ಮಿಸಿ ಅಕ್ಕನ ಕಡೆಗೆ ಹಾರಿಸುತ್ತಾನೆ. ಬೀಜವನ್ನು ಉಪ್ಪು ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಸಿದು, ಬಟ್ಟೆಯ ಮೇಲೆ ಚೆನ್ನಾಗಿ ಆರಿಸಿ, ಒಂದೆರಡು ಚಮಚ ಎಣ್ಣೆ, ಅಚ್ಚಖಾರದ ಪುಡಿ, ಚಿಟಿಕೆ ಇಂಗು, ಕೈಯಲ್ಲಿ ಹಿಸುಕಿದ ಕರಿಬೇವು ಬೆರೆಸಿ ಅವನ್ ತಟ್ಟೆಯಲ್ಲಿ ಹರಡುತ್ತೇನೆ. 325 ಡಿಗ್ರಿ ಫ್ಯಾರನ್‌ಹೀಟ್ ಉರಿಯಲ್ಲಿ, ನಡುವೆ ಒಂದು ಸಲ ಕೈಯಾಡಿಸುತ್ತಾ, ಇಪ್ಪತ್ತು ನಿಮಿಷ ಬಿಟ್ಟರೆ ಸಿಪ್ಪೆ ಸಹಿತ ಕುರುಕುರು ಎನ್ನುತ್ತದೆ. ಮೊದಲೇ ಕುದಿಸಿದ್ದರಿಂದ ಉಪ್ಪು ಒಳಗೂ ಹಿಡಿದಿರುತ್ತದೆ. ಮೆಗ್ನೀಸಿಯಮ್, ಸತು, ಪ್ರೋಟೀನ್ ಚೆನ್ನಾಗಿರುವ ಈ ಬೀಜವನ್ನು ಮಗಳು ಡಬ್ಬಿಯಲ್ಲಿ ತುಂಬಿ ಶಾಲೆಗೂ ಒಯ್ಯುತ್ತಾಳೆ. ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಮಾತ್ರ ಇಂಥ ಗಟ್ಟಿ ಬೀಜ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ವೇಷದ ತಯಾರಿಗೂ ನಾವು ಇಷ್ಟೇ ಹೊತ್ತು ಕೊಡುತ್ತೇವೆ, ಯಾಕೆಂದರೆ ಮಕ್ಕಳು ಹಲವು ದಿನಗಳ ಕಾಲ ತಮ್ಮ ಕೈಯಾರೆ ಮಾಡಿದ ವೇಷವಿದ್ದರೆ ಆ ಸಂಜೆ ಅವರ ಮಾತೆಲ್ಲ ಅದರ ಸುತ್ತಲೇ ಇರುತ್ತದೆ. ಅಂಗಡಿಯಿಂದ ಪೊಟ್ಟಣದಲ್ಲಿ ಬಂದ ವೇಷಕ್ಕೆ ಆ ಶಕ್ತಿಯಿಲ್ಲ. ಒಂದು ವರ್ಷ ಮಗಳು ಒನಕೆ ಓಬವ್ವನಾಗಬೇಕೆಂದಳು. ಚಿತ್ರದುರ್ಗದ ಕಿಂಡಿಯ ಕಥೆಯನ್ನು ಅವಳಿಗೆ ಅಜ್ಜಿ ಹೇಳಿದ್ದರು. ಮರದ ಕೋಲು ಕೊಟ್ಟರೆ ಕತ್ತಲೆಯಲ್ಲಿ ಅವಳೂ ಎಡವುತ್ತಾಳೆ, ಇತರ ಮಕ್ಕಳಿಗೂ ತಗಲುತ್ತದೆ ಎಂದು ಈಜುಕೊಳದಲ್ಲಿ ತೇಲಲು ಬಳಸುವ ಮೆತ್ತನೆಯ ಫೋಮ್ ಕೊಳವೆಯನ್ನು ಕತ್ತರಿಸಿ, ಎರಡೂ ತುದಿಗೆ ಬೆಳ್ಳಿ ಬಣ್ಣದ ಟೇಪ್ ಸುತ್ತಿ ಒನಕೆ ಮಾಡಿದೆವು. ಆ ಟೇಪ್ ವಾಹನಗಳ ಬೆಳಕಿಗೆ ಹೊಳೆಯುವಂಥದ್ದು, ಅದನ್ನೇ ಸೆರಗಿನ ಅಂಚಿಗೂ ಹಚ್ಚಿದೆವು. ಇಲ್ಲಿ ಅಕ್ಟೋಬರ್ ಕೊನೆಯ ಸಂಜೆ ಒಳ್ಳೆಯ ಚಳಿ ಇರುತ್ತದೆ, ಆದ್ದರಿಂದ ದಪ್ಪ ಅಂಗಿ ಮತ್ತು ಥರ್ಮಲ್ ಪ್ಯಾಂಟಿನ ಮೇಲೆಯೇ ಸೀರೆ ಬರುವಂತೆ ಮೊದಲೇ ಅಳತೆ ನೋಡಿ ಕಚ್ಚೆ ಕಟ್ಟಿದೆ. ಮುಖವಾಡ ಕಣ್ಣಿಗೆ ಅಡ್ಡ ಬರುವುದರಿಂದ ನಾವು ಬಣ್ಣವನ್ನೇ ಹಚ್ಚುತ್ತೇವೆ, ಒಂದು ದಿನ ಮೊದಲು ಮುಂಗೈಗೆ ಹಚ್ಚಿ ನವೆಯಾಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತೇವೆ. “ಯಾರಮ್ಮ ನೀನು?” ಎಂದು ಬಾಗಿಲು ತೆರೆದವರೆಲ್ಲ ಇಂಗ್ಲಿಷಿನಲ್ಲಿ ಕೇಳಿದರು, ಅವಳು ಪ್ರತಿ ಮನೆಯಲ್ಲೂ ಕೋಟೆ, ಕಿಂಡಿ, ಹೈದರಾಲಿಯ ಸೈನಿಕರು ಎಂದು ವಿವರಿಸುತ್ತಾ ನಿಂತಳು. ಹಿಂದಿನ ಮಕ್ಕಳು ಕಾಯಬೇಕಾಯಿತು. ನಾಲ್ಕು ಮನೆಗೆ ಹೋಗುವ ಹೊತ್ತಿನಲ್ಲಿ ಒಂದು ಮನೆಗೆ ಹೋದಂತಾಯಿತು. ಅವಳಿಗೆ ಅದರಿಂದ ಯಾವ ಬೇಸರವೂ ಆಗಲಿಲ್ಲ. ನವೆಂಬರ್ 1ರ ಕನ್ನಡ ರಾಜ್ಯೋತ್ಸವ ಮರುದಿನವೇ ಬರುವುದರಿಂದ ಅದೇ ವೇಷ ಆ ವಾರದ ಕೊನೆಯ ಕನ್ನಡ ಕಾರ್ಯಕ್ರಮಕ್ಕೂ ನಡೆಯಿತು. ಹೊರನಾಡಿನ ಕನ್ನಡ ಮನೆಗಳಿಗೆ ಈ ಉಪಾಯವನ್ನು ನಾನು ಒತ್ತಿ ಹೇಳುತ್ತೇನೆ.

ಆ ಸಂಜೆ ಹೊರಡುವ ಮೊದಲು ಊಟವಾಗಿರಬೇಕು. ಇದರಲ್ಲಿ ನಾವು ರಾಜಿ ಮಾಡಿಕೊಳ್ಳುವುದಿಲ್ಲ. ಮಕ್ಕಳು ಶಾಲೆಯಿಂದ ಹಸಿದು ಬರುತ್ತಾರೆ, ಐದು ಗಂಟೆಗೆ ವೇಷ ಹಾಕಿಕೊಂಡು ಹೊರಡುವ ಆತುರದಲ್ಲಿ ಊಟ ತಪ್ಪಿದರೆ ಚೀಲದೊಳಗಿನದೇ ಊಟವಾಗುತ್ತದೆ. ನಾಲ್ಕೂವರೆಗೆ ತಟ್ಟೆಗೆ ಬರುವಂತೆ ಸಿಹಿಗುಂಬಳಕಾಯಿ ಹಾಕಿದ ಬಿಸಿಬೇಳೆಬಾತ್ ಮಾಡಿರುತ್ತೇನೆ, ಪಕ್ಕಕ್ಕೆ ಮೊಸರು, ಹುರಿದ ಬೀಜ. ಬೇಳೆ, ತರಕಾರಿ, ತುಪ್ಪ ಎಲ್ಲವೂ ಒಂದೇ ತಟ್ಟೆಯಲ್ಲಿ ಬಿಸಿಯಾಗಿ ಹೊಟ್ಟೆಗೆ ಹೋದರೆ ಚಳಿಗೂ ಆಯಿತು, ಎರಡು ಗಂಟೆಯ ನಡಿಗೆಗೂ ಆಯಿತು. ಪಕ್ಕದ ಮನೆಯ ಮಕ್ಕಳಿಗೂ ಈಗ ಅದೇ ಊಟ. ಅವರ ತಾಯಿ ಖಾರ ಕಡಿಮೆ ಮಾಡಲು ಹೇಳಿದ್ದಾರೆ, ಮಾಡುತ್ತೇನೆ.

ನಮ್ಮ ಬಾಗಿಲಿಗೆ ಬರುವ ಮಕ್ಕಳಿಗೆ ಕ್ಯಾಂಡಿ ಬಿಟ್ಟು ಬೇರೆ ಏನಾದರೂ ಕೊಟ್ಟರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೇನೋ ಎಂಬ ಅಳುಕು ಹಲವರಿಗಿದೆ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಕನೆಕ್ಟಿಕಟ್ ರಾಜ್ಯದಲ್ಲಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ್ದಾರೆ. ಮೂರರಿಂದ ಹದಿನಾಲ್ಕು ವರ್ಷದ 284 ಮಕ್ಕಳ ಮುಂದೆ ಒಂದು ತಟ್ಟೆಯಲ್ಲಿ ಕ್ಯಾಂಡಿ, ಇನ್ನೊಂದರಲ್ಲಿ ಚಿಕ್ಕ ಆಟಿಕೆಗಳನ್ನಿಟ್ಟು ಒಂದನ್ನು ಆರಿಸಿಕೊಳ್ಳಲು ಹೇಳಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಆಟಿಕೆಯನ್ನೇ ಎತ್ತಿಕೊಂಡರು. ನಾವು ಕತ್ತಲೆಯಲ್ಲಿ ಹೊಳೆಯುವ ಗ್ಲೋ ಸ್ಟಿಕ್, ಬಾವಲಿ ಮತ್ತು ಜೇಡದ ಚಿತ್ರದ ಸ್ಟಿಕರ್, ಪೆನ್ಸಿಲ್, ಸೋಪಿನ ಗುಳ್ಳೆ ಊದುವ ಪುಟ್ಟ ಶೀಶೆ ಇಡುತ್ತೇವೆ. ಗ್ಲೋ ಸ್ಟಿಕ್ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ, ಮಕ್ಕಳು ಅದನ್ನು ಅಲ್ಲೇ ಬಾಗಿಸಿ ಬೆಳಗಿಸಿಕೊಂಡು ಕುತ್ತಿಗೆಗೋ ಕೈಗೋ ಹಾಕಿಕೊಂಡು ಹೋಗುವುದರಿಂದ ರಸ್ತೆಯಲ್ಲಿ ಅವರು ದೂರದಿಂದಲೇ ಕಾಣುತ್ತಾರೆ. ತೀರ ಚಿಕ್ಕ ಮಕ್ಕಳಿಗೆ ಬಾಯಿಗೆ ಹಾಕಿಕೊಳ್ಳುವಷ್ಟು ಪುಟ್ಟ ಆಟಿಕೆಯನ್ನು ಕೊಡುವುದಿಲ್ಲ.

ಇದರ ಜೊತೆಗೆ ಮೆಟ್ಟಿಲಿನ ಮೇಲೆ ಹಸಿರು ಮಿಶ್ರಿತ ನೀಲಿ ಬಣ್ಣ ಬಳಿದ ಕುಂಬಳಕಾಯಿಯೊಂದನ್ನು ಇಟ್ಟಿರುತ್ತೇವೆ. ತಿಂಡಿಯಿಂದ ಅಲರ್ಜಿಯಾಗುವ ಮಕ್ಕಳಿಗೆ ಈ ಮನೆಯಲ್ಲಿ ತಿನ್ನುವಂಥದ್ದಲ್ಲದ ಉಡುಗೊರೆ ಸಿಗುತ್ತದೆ ಎಂಬುದಕ್ಕೆ ಅದು ಗುರುತು. ಟೆನೆಸಿಯ ಪೂರ್ವ ಭಾಗದ ಅಲರ್ಜಿ ಕುಟುಂಬಗಳ ಗುಂಪೊಂದು ಹುಟ್ಟುಹಾಕಿದ ಈ ‘ಟೀಲ್ ಪಂಪ್‌ಕಿನ್’ ಪದ್ಧತಿಯನ್ನು ಫೇರ್ ಎಂಬ ರಾಷ್ಟ್ರೀಯ ಸಂಸ್ಥೆ 2014ರಲ್ಲಿ ದೇಶದಾದ್ಯಂತ ಹರಡಿತು. ಇಲ್ಲಿ ನೂರು ಮಕ್ಕಳಲ್ಲಿ ಐದಾರು ಮಂದಿಗೆ ಯಾವುದಾದರೊಂದು ಆಹಾರದ ಅಲರ್ಜಿ ಇದೆ. ಪುಟ್ಟ ಪೊಟ್ಟಣದ ಕ್ಯಾಂಡಿಯ ಮೇಲೆ ಹಲವು ಸಲ ಪದಾರ್ಥಗಳ ಪಟ್ಟಿ ಇರುವುದಿಲ್ಲ, ಇದ್ದರೂ ದೊಡ್ಡ ಪೊಟ್ಟಣದಲ್ಲಿರುವ ಪದಾರ್ಥಗಳೇ ಇದರಲ್ಲೂ ಇವೆ ಎಂದು ನೆಚ್ಚುವಂತಿಲ್ಲ. ನಮ್ಮ ಬೀದಿಯ ಹುಡುಗನೊಬ್ಬನಿಗೆ ಕಡಲೆಕಾಯಿ ಸೋಕಿದರೂ ತೊಂದರೆ. ಅವನು ಆ ನೀಲಿ ಕಾಯನ್ನು ಕಂಡು ಓಡಿ ಬರುವಾಗ ಅವನ ತಾಯಿ ಹಿಂದಿನಿಂದ ಕೂಗಿ ತಡೆಯಬೇಕಾಗಿಲ್ಲ ಎಂಬುದೊಂದೇ ನನಗೆ ಸಾಕು, ಉಳಿದ ಲಾಭಗಳೆಲ್ಲ ಆಮೇಲಿನವು.

ನಡಿಗೆಯ ಬಗ್ಗೆ ಬರೆಯುವಾಗ ಆರೋಗ್ಯವೆಂದರೆ ಸಕ್ಕರೆ ಮಾತ್ರವಲ್ಲ ಎಂಬುದನ್ನು ಹೇಳಲೇಬೇಕು. 1975ರಿಂದ 2016ರವರೆಗಿನ ಅಮೆರಿಕದ ರಸ್ತೆ ಅಪಘಾತಗಳ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರು, ಹ್ಯಾಲೋವೀನ್ ಸಂಜೆ ಪಾದಚಾರಿಗಳು ಸಾಯುವ ಅಪಾಯ ಆಸುಪಾಸಿನ ಬೇರೆ ಸಂಜೆಗಳಿಗಿಂತ ಶೇ. 43ರಷ್ಟು ಹೆಚ್ಚು ಎಂದು ಕಂಡುಕೊಂಡಿದ್ದಾರೆ. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಆ ಹೆಚ್ಚಳ ಇನ್ನೂ ಎಷ್ಟೋ ಪಟ್ಟು ದೊಡ್ಡದು. ಕ್ಯಾಂಡಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು ಇದರ ಬಗ್ಗೆ ಮಾತಾಡುವುದೇ ಇಲ್ಲ, ಅದು ನನ್ನನ್ನು ಕಾಡುತ್ತದೆ. ನಮ್ಮ ಊರಿನಲ್ಲಿ ಆ ದಿನ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಆದ್ದರಿಂದ ನಾವು ಬೆಳಕಿರುವಾಗಲೇ ಹೊರಟು, ರಸ್ತೆಯ ಒಂದು ಬದಿಯ ಮನೆಗಳನ್ನೆಲ್ಲ ಮುಗಿಸಿ, ಮೂಲೆಯಲ್ಲಿ ದಾಟಿ, ಇನ್ನೊಂದು ಬದಿಯಿಂದ ಹಿಂದಿರುಗುತ್ತೇವೆ. ಅತ್ತಿಂದಿತ್ತ ಹಾಯುವುದಿಲ್ಲ. ಹೊರಗಿನ ದೀಪ ಉರಿಯುತ್ತಿರುವ ಮನೆಗಳಿಗಷ್ಟೇ ಹೋಗುವುದು ಇಲ್ಲಿನ ವಾಡಿಕೆ. ಕಾರಿನಲ್ಲಿ ಕೂರಿಸಿಕೊಂಡು ಶ್ರೀಮಂತರ ಬಡಾವಣೆಗೆ ಹೋಗಿ ದೊಡ್ಡ ಚಾಕೊಲೇಟ್ ತರುವ ಪದ್ಧತಿ ನಮ್ಮ ಗೆಳೆಯರಲ್ಲಿ ಕೆಲವರಿಗಿದೆ, ನಾವು ಹೋಗುವುದಿಲ್ಲ. ವರ್ಷವೆಲ್ಲ ಕಾರಿನ ಕಿಟಕಿಯಿಂದ ಕೈ ಬೀಸಿ ಹೋಗುವ ನೆರೆಯವರ ಹೊಸ್ತಿಲಲ್ಲಿ ನಿಂತು ಮಾತಾಡಲು ಇರುವುದು ಇದೊಂದೇ ಸಂಜೆ. ಮಕ್ಕಳ ಕೈಗೆ ಕೊಡುವ ಚೀಲವೂ ಚಿಕ್ಕದು, ದಿಂಬಿನ ಗವಸನ್ನಲ್ಲ. ಅದು ತುಂಬಿದ ಮೇಲೆ ನಡಿಗೆ ಮುಂದುವರಿಯುತ್ತದೆ, ಕ್ಯಾಂಡಿ ಮಾತ್ರ ನಿಲ್ಲುತ್ತದೆ. ಮಗಳು ಯುನಿಸೆಫ್ ಹೆಸರಿನಲ್ಲಿ ಕಾಸು ಕೂಡಿಸುವುದನ್ನೂ ಶುರು ಮಾಡಿದ್ದಾಳೆ, ಚೀಲ ತುಂಬಿದ ಮೇಲೆ ಅವಳಿಗೆ ಮುಂದಿನ ಮನೆಗೆ ಹೋಗಲು ಅದೇ ಕಾರಣ.

ಮನೆಗೆ ಬಂದ ಮೇಲೆ ಚೀಲಗಳನ್ನು ಊಟದ ಮೇಜಿನ ಮೇಲೆ ಬರಿದು ಮಾಡುತ್ತೇವೆ. ದಾರಿಯಲ್ಲಿ ತಿನ್ನುವಂತಿಲ್ಲ ಎಂಬುದು ಮೊದಲೇ ಆದ ಒಪ್ಪಂದ. ಅಪರಿಚಿತರು ಕ್ಯಾಂಡಿಯಲ್ಲಿ ವಿಷವಿಡುತ್ತಾರೆಂಬ ಭಯ ಇಲ್ಲಿ ಪ್ರತಿ ವರ್ಷ ಹುಟ್ಟುತ್ತದೆ. ದಶಕಗಳಿಂದ ಇಂಥ ಸುದ್ದಿಗಳ ಬೆನ್ನು ಹತ್ತಿರುವ ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಅವರಿಗೆ ಅಪರಿಚಿತರು ಹೀಗೆ ಹಂಚಿದ ಕ್ಯಾಂಡಿಯಿಂದ ಮಗುವೊಂದು ಸತ್ತ ಖಚಿತ ಪ್ರಕರಣ ಸಿಕ್ಕಿಲ್ಲ. ನಾವು ಹರಿದ ಪೊಟ್ಟಣಗಳನ್ನು ತೆಗೆದುಹಾಕಿ ಆ ಭಯವನ್ನು ಅಲ್ಲಿಗೇ ಬಿಡುತ್ತೇವೆ. ನಿಜವಾಗಿ ಗಮನ ಕೊಡುವುದು ಬೇರೆ ಎರಡಕ್ಕೆ. ಒಂದು, ಮನೆಗೆ ಬರುವ ಗೆಳೆಯರ ಪುಟ್ಟ ಮಕ್ಕಳ ಕೈಗೆ ಗಟ್ಟಿ ಕ್ಯಾಂಡಿ, ಗಮ್, ಪಾಪ್‌ಕಾರ್ನ್ ಸಿಗದಂತೆ ಎತ್ತಿಡುವುದು, ಏಕೆಂದರೆ ನಾಲ್ಕು ವರ್ಷದೊಳಗಿನವರ ಉಸಿರು ಕಟ್ಟಿಸುವ ತಿಂಡಿಗಳಲ್ಲಿ ಇವು ಮುಖ್ಯ. ಇನ್ನೊಂದು, ನಮ್ಮದು ಸಸ್ಯಾಹಾರಿ ಮನೆಯಾದ್ದರಿಂದ ಜೆಲಾಟಿನ್ ಇರುವುದನ್ನು ಬೇರೆ ಮಾಡುವುದು. ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ತೆಗೆಯುವ ಜೆಲಾಟಿನ್ ಬಹಳಷ್ಟು ಗಮ್ಮಿಗಳಲ್ಲಿ, ಮಾರ್ಷ್‌ಮ್ಯಾಲೊದಲ್ಲಿ, ಹ್ಯಾಲೋವೀನಿನ ಗುರುತೇ ಆಗಿರುವ ಕ್ಯಾಂಡಿ ಕಾರ್ನ್‌ನಲ್ಲೂ ಇರುತ್ತದೆ. ಮಗಳಿಗೆ ಈಗ ಲೇಬಲ್ ಓದಲು ಬರುತ್ತದೆ. ಕನ್ನಡಕ ಹಾಕಿಕೊಂಡ ಅಜ್ಜಿಗಿಂತ ಬೇಗ ಓದುತ್ತಾಳೆ. “ಅಮ್ಮಾ, ಇದು ಬೇಡದ್ದು” ಎಂದು ಅವಳು ಬದಿಗೆ ತಳ್ಳುವುದು, ಮಗ ಬಣ್ಣದ ಪ್ರಕಾರ ಸಾಲು ಜೋಡಿಸುವುದು, ಇಬ್ಬರೂ ನಿನ್ನದು ನನಗೆ ನನ್ನದು ನಿನಗೆ ಎಂದು ವಿನಿಮಯ ಮಾಡಿಕೊಳ್ಳುವುದು ಇವೆಲ್ಲ ಸೇರಿ ತಿನ್ನುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಆ ರಾತ್ರಿ ತಿನ್ನುವುದಕ್ಕೆ ನಾವು ಎಣಿಕೆ ಇಟ್ಟಿಲ್ಲ. ಬೇಕಾದದ್ದನ್ನು ಆರಿಸಿ, ಮೇಜಿನ ಬಳಿ ಕುಳಿತು, ಒಂದೇ ಸಲಕ್ಕೆ ತಿಂದು ಮುಗಿಸಬೇಕು, ಅಷ್ಟೆ. ಹೊಟ್ಟೆಯಲ್ಲಿ ಊಟವಿರುವುದರಿಂದ ಅವರು ತಾವಾಗಿಯೇ ಬೇಗ ನಿಲ್ಲಿಸುತ್ತಾರೆ, ಮಗನಂತೂ ಅರ್ಧ ಕಚ್ಚಿದ್ದನ್ನು ಬಿಟ್ಟು ಎದ್ದ ಉದಾಹರಣೆಗಳಿವೆ. ನೀರು ಕುಡಿಸುತ್ತೇವೆ, ಹುಳಿ ಕ್ಯಾಂಡಿ ತಿಂದಿದ್ದರೆ ಮೃದುವಾದ ಎನಾಮಲ್ ಸವೆಯದಿರಲೆಂದು ಅರ್ಧ ಗಂಟೆ ಬಿಟ್ಟು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿಸುತ್ತೇವೆ. ಮರುದಿನದಿಂದ ಕ್ಯಾಂಡಿ ಡಬ್ಬಿ ಊಟದ ಹೊತ್ತಿಗೆ ಮಾತ್ರ ತೆರೆಯುತ್ತದೆ, ಒಬ್ಬೊಬ್ಬರಿಗೆ ಒಂದು ಅಥವಾ ಎರಡು, ಊಟದ ಜೊತೆಯಲ್ಲೇ. ಪಲ್ಯ ತಿಂದರೆ ಕ್ಯಾಂಡಿ ಎಂಬ ಮಾತನ್ನು ನಾನು ಬಾಯಿಗೆ ತರುವುದಿಲ್ಲ, ಹಾಗೆಂದರೆ ಪಲ್ಯ ಶಿಕ್ಷೆಯೂ ಕ್ಯಾಂಡಿ ಬಹುಮಾನವೂ ಆಗುತ್ತದೆ. ಮೊದಲ ವಾರಾಂತ್ಯದಲ್ಲಿ ಮಕ್ಕಳು ತಮಗೆ ನಿಜವಾಗಿ ಇಷ್ಟವಾದದ್ದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಕೊಟ್ಟುಬಿಡುತ್ತಾರೆ. ಈ ದೇಶದ ಹಲವು ದಂತವೈದ್ಯರು ಹ್ಯಾಲೋವೀನ್ ಮುಗಿದ ಕೂಡಲೇ ಮಕ್ಕಳಿಂದ ಕ್ಯಾಂಡಿ ಹಿಂದಕ್ಕೆ ಪಡೆದು, ಬದಲಿಗೆ ಒಂದಿಷ್ಟು ಹಣವನ್ನೋ ಹಲ್ಲುಜ್ಜುವ ಬ್ರಷ್ಷನ್ನೋ ಕೊಟ್ಟು, ಆ ಕ್ಯಾಂಡಿಯನ್ನು ಆಪರೇಷನ್ ಗ್ರಾಟಿಟ್ಯೂಡ್‌ನಂಥ ಸಂಸ್ಥೆಗಳ ಮೂಲಕ ಸೈನಿಕರಿಗೆ ಕಳಿಸುತ್ತಾರೆ. ಕೊಡಬೇಕೋ ಬೇಡವೋ, ಎಷ್ಟು ಕೊಡಬೇಕು ಎಂಬ ತೀರ್ಮಾನ ಮಕ್ಕಳದ್ದೇ. ಬಲವಂತ ಮಾಡಿದರೆ ಅದು ದಾನವಲ್ಲ, ಕಿತ್ತುಕೊಂಡದ್ದು.

2024ರಲ್ಲಿ ಅಕ್ಟೋಬರ್ 31ರಂದೇ ನರಕ ಚತುರ್ದಶಿಯೂ ಬಂದಿತ್ತು. ಗುರುವಾರ, ಶಾಲೆಯ ದಿನ. ಬೆಳಗಿನ ಜಾವ ಎಣ್ಣೆಸ್ನಾನ ಮಾಡಿಸಿ ಮಕ್ಕಳನ್ನು ಶಾಲೆಗೆ ಕಳಿಸಿ, ಸಂಜೆ ಮೆಟ್ಟಿಲಿನ ಮೇಲೆ ಕೊರೆದ ಕುಂಬಳಕಾಯಿಯ ಪಕ್ಕದಲ್ಲೇ ಮಣ್ಣಿನ ಹಣತೆಗಳನ್ನು ಹಚ್ಚಿಟ್ಟೆವು. ಬಾಗಿಲಿಗೆ ಬಂದ ಮಕ್ಕಳಿಗೆ ಅದೂ ಅಲಂಕಾರದ ಭಾಗವೇ ಆಯಿತು. ಆದರೆ ತಿಂಡಿಯ ವಿಷಯದಲ್ಲಿ ಎರಡು ಹಬ್ಬಗಳು ಒಟ್ಟಿಗೆ ಬಂದದ್ದರಿಂದ ಯೋಚಿಸಿಯೇ ನಡೆಯಬೇಕಾಯಿತು. ಬೆಲ್ಲದಲ್ಲಿ ಮಾಡಿದ್ದು ಆರೋಗ್ಯಕರ, ಅದಕ್ಕೆ ಲೆಕ್ಕವಿಲ್ಲ ಎಂದು ನಮ್ಮವರು ಸುಲಭವಾಗಿ ಹೇಳುತ್ತಾರೆ. ದೇಹದ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ, ಹಲ್ಲಿನ ಮಟ್ಟಿಗೆ ಅಂಟುವ ಸಕ್ಕರೆ. ಆ ದಿನ ನೈವೇದ್ಯಕ್ಕೆ ಕಜ್ಜಾಯವೊಂದನ್ನೇ ಮಾಡಿ, ಉಳಿದ ಸಿಹಿಗಳನ್ನು ಬಲಿಪಾಡ್ಯಮಿಗೆ ಮತ್ತು ಅದರ ನಂತರದ ದಿನಗಳಿಗೆ ಹಂಚಿದೆ. ಮಕ್ಕಳು ಕಜ್ಜಾಯವನ್ನು ಬೆಳಗಿನ ತಿಂಡಿಯ ಜೊತೆಗೆ ತಿಂದರು, ಕ್ಯಾಂಡಿಯನ್ನು ರಾತ್ರಿ ತಿಂದರು, ನಡುವೆ ಏನೂ ಇರಲಿಲ್ಲ, ಯಾರೂ ಕೇಳಲೂ ಇಲ್ಲ.

ಮುಂದಿನ ಹ್ಯಾಲೋವೀನಿಗೆ ಗೆಳತಿಯರ ಜೊತೆಗೆ ಹೋಗುತ್ತೇನೆಂದು ಮಗಳು ಈಗಲೇ ಕೇಳಿದ್ದಾಳೆ. ಗುಂಪಿನಲ್ಲಿ ನಾಲ್ವರು ಹುಡುಗಿಯರು, ಹಿಂದೆ ಸ್ವಲ್ಪ ದೂರದಲ್ಲಿ ಯಾರಾದರೊಬ್ಬರ ತಾಯಿಯೋ ತಂದೆಯೋ ಇರುತ್ತಾರೆ ಎಂಬ ಮಾತಿನ ಮೇಲೆ ಒಪ್ಪಿದ್ದೇವೆ. ಹೊಳೆಯುವ ಟೇಪ್ ವೇಷದ ಹಿಂದೆಯೂ ಮುಂದೆಯೂ ಇರಬೇಕು, ನಾ‌ಲ್ಕೂವರೆಯ ಊಟ ನಾಲ್ವರಿಗೂ ನಮ್ಮ ಮನೆಯಲ್ಲೇ. ಯಾವ ಬೀದಿಗಳಿಗೆ ಹೋಗಬೇಕೆಂದು ಅವಳು ಕಾಗದದ ಮೇಲೆ ನಕ್ಷೆ ಬರೆದು ನಮಗೆ ತೋರಿಸಿದ್ದಾಳೆ. ಅಲರ್ಜಿ ಇರುವ ಹುಡುಗನ ಮನೆಯನ್ನು ಅದರಲ್ಲಿ ನೀಲಿ ಬಣ್ಣದಿಂದ ಗುರುತು ಮಾಡಿದ್ದಾಳೆ, ಅವನ ಪಾಲಿನ ಗ್ಲೋ ಸ್ಟಿಕ್ ಅನ್ನು ಅವಳೇ ಒಯ್ದು ಕೊಡುವುದೆಂದು ಮಾತಾಗಿದೆ.